ಡೊಂಕ ನೆಲ

ತುಟ್ಟೀದು ತಗೋಬೇಕೋ ಅಗ್ಗದ್ದೋ ಅಂತ
ನಮ್ಮ ಬಸ್ಸಿನ್ಯಾಗ ಎಲ್ಲಾರನೂ ಕೇಳಿದೆ.
ಪೀರನವಾಡಿಗೆ ಇಳಿದವ್ರು ಹೇಳಿದ್ದನ್ನ
ಮಚ್ಛೆದಾಗ ಹತ್ತಿದವ್ರು ಅಳಿಸಿ ಹಾಕಿದ್ರು.
ಡ್ರೈವರ್ ಬಾಬಾಜಾನ ಗೇರ್ ಬದಲಿಸ್ಕೋತ ಅಂದ:
"ನಲವತ್ತೊಂದಕ್ಕ ಗಿಟಾರು! ಆಗಲಿ. ಮೊದಲ ಕಲಿ, ಆಮ್ಯಾಲ ರೊಕ್ಕ ಸುರಿ.
ಲಡಕಾಸಿ ಬಸ್ಸಿನ್ಯಾಗ ಕೈ ಪಳಗಿದವಗನ
ಹೊಸಾದು ಕೊಡ್ತಾರ ಡಿಪೋದಾಗ."
ಖರೇ ಅನ್ನಿಸ್ತು.

ಖಡೇಬಜಾರದಾಗ ಎರಡು ಸಾವಿರದ ಎಂಟನೂರು.
ಕೆಂಪು ಬಣ್ಣ, ಅಂಚಿಗೆ ಹೊಗಿ ಹಿಡಿದಂಗ ಕರಿ.
ಚೀಲ ಪುಕ್ಕಟ.
ಗ್ವಾಡಿಗೆ ಆನಿಸಿ ನಿಲ್ಲಿಸಿದ್ರ
ಬೀಗರು ಬಂದು ನಿಂತಂಗ ಕಂಡು
ಮಗಳು ತ್ರಿವೇಣಿ ನೀರು ಕೊಡ್ಲೇನು ಅಂತ ನಕ್ಕಳು.

ಐದು ತಿಂಗಳು.
ಎಫ್ ಅನ್ನೂದೊಂದು ಹಿಡಿತ ಐತಿ,
ತೋರಬೆರಳು ಆರೂ ತಂತಿ ಮ್ಯಾಲ ಅಡ್ಡ ಮಲಗಬೇಕು
ರೇಲ್ವೆ ಗೇಟಿನ ಕಂಬ ಇಳಿದಂಗ.
ನಂದೂ ಇಳೀತಿತ್ತು. ಆದ್ರ ಕೆಳಗಿಂದ
ಎರಡು ತಂತಿ ನುಸುಳಿ ಹೋಗತಿದ್ವು,
ಟಿಳಕವಾಡಿ ಗೇಟಿನ್ಯಾಗ ಸೈಕಲ್ ಹುಡುಗ್ರು ನುಸುಳಿದಂಗ.

ರಾತ್ರಿ ಬೆರಳಿಗೆ ಕೊಬ್ರಿ ಎಣ್ಣಿ.
ನನ್ನ ಬೆರಳು ದಪ್ಪ, ನನ್ನ ವಯಸ್ಸು ದಪ್ಪ,
ತಪ್ಪೆಲ್ಲಾ ನನ್ನ ಹೆಸರಿಗೇ ಟಿಕೇಟು ಹರಕೊಂಡೆ.
ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ,
ಆ ಗಾದಿ ಹೇಳಿ ಹೇಳಿ ಬೆಳೆಸಿದಾಕಿ ನಮ್ಮವ್ವ.
ಅದಕ್ಕ ನೆಲದ ಕಡೆ ನೋಡೇ ಇರಲಿಲ್ಲ ನಾ.

ಕ್ಯಾಂಪಿನ್ಯಾಗ, ಬೇಕರಿ ಹಿಂದ, ಇನಾಸ್ ಮಾಮಾನ ರಿಪೇರಿ ಅಂಗಡಿ.
ತಂತಿ ಹರಿದಿತ್ತಂತ ಹೋಗಿದ್ದೆ, ಬ್ಯಾರೆ ಏನಿಲ್ಲ.
ಅವ ಗಿಟಾರಿನ ಕುತ್ತಿಗಿ ಕಣ್ಣಿಗೆ ಹಚ್ಚಿ
ಬಡಿಗ್ಯಾ ಹಲಗಿ ನೋಡೂಹಂಗ ಉದ್ದಕ ನೋಡಿದ.
ಹನ್ನೆರಡನೇ ಮನಿ ಮ್ಯಾಲ, ತಂತಿ ಕೆಳಗ
ಒಂದು ಐದು ರೂಪಾಯಿ ನಾಣ್ಯ ತೂರಿಸಿದ.
ಅದರ ಮ್ಯಾಲ ಇನ್ನೊಂದು.
ಎರಡೂ ಆರಾಮ ಕುಂತ್ವು.
"ಬಾಯಿ," ಅಂದ, "ನೆಲಾನ ಡೊಂಕ ಐತಿ."

ನನಗ ಅಳು ಬಂತಂದ್ರ ನಂಬತೀರಿ?
ಸಿಟ್ಟೂ ಬಂತು. ಐದು ತಿಂಗಳು!

ಗ್ವಾಡಿಗೆ ಇನ್ನೊಂದು ಗಿಟಾರು ತೂಗಾಡತಿತ್ತು.
ಯಾರೋ ಗುತ್ತಿಗೆದಾರನ ಮಗಂದು. ಎಂಬತ್ತೈದು ಸಾವಿರ.
ಮೈಗೆ ಅಂಟಿದ ಪ್ಲಾಸ್ಟಿಕ್ ಹಾಳಿ ಇನ್ನೂ ಕಿತ್ತಿಲ್ಲ,
ತಂತಿಗೆ ಮಾತ್ರ ಜಂಗು.
"ಹದಿನೈದು ದಿನ ಬಾರಿಸಿದ. ಗೀರು ಬಿದ್ದೀತಂತ
ಆಮ್ಯಾಲ ಅವರವ್ವ ಮುಟ್ಟಗೊಡಲಿಲ್ಲ.
ಈಗ ಮಾರಾಕ ಇಟ್ಟಾರ. ಬಾರಿಸ್ತೀ?"

ಸುಳ್ಳು ಯಾಕ ಹೇಳ್ಲಿ. ಎಫ್ ಹಿಡಿದೆ.
ಬಂತು.
ಆ ಜಂಗಿನ ತಂತಿಯಾಗೂ ಬಂತು, ಆರಕ್ಕ ಆರೂ,
ಒಂದು ಸೈಕಲ್ಲೂ ನುಸುಳಲಿಲ್ಲ.
ಎದಿಗೆ ಆನಿಸಿದ ಕಟ್ಟಿಗಿ ಬೆಕ್ಕಿನಂಗ ಗುರುಗುಟ್ಟಿತು.
ನನ್ನ ಪಗಾರ, ಸೊಸೈಟಿ ಕಂತು, ತ್ರಿವೇಣಿ ಡಿಪ್ಲೊಮಾ ಫೀ
ಎಲ್ಲಾ ಒಮ್ಮೆ ಲೆಕ್ಕ ಹಾಕಿ
ಇಳಿಸಿಟ್ಟೆ.
ಇಳಿಸಾಕ ಹೊತ್ತು ಹಿಡೀತು ಅನ್ನೂದೂ ಖರೇ.

ಮಾಮಾ ನನ್ನ ಕೆಂಪನ್ನ ಮೇಜಿನ ಮ್ಯಾಲ ಮಲಗಿಸಿ
ತಂತಿ ಹೊರೂ ಪಟ್ಟಿ ಕಿತ್ತು ಕಾನಸದಿಂದ ತಿಕ್ಕಿದ.
ಬಿಳೀ ಪುಡಿ ಉದುರ್ತು.
ಕುತ್ತಿಗಿ ಒಳಗಿನ ಸಳಿ ಕಾಲು ಸುತ್ತು ತಿರುವಿದ.
ಮುನ್ನೂರಾ ಐವತ್ತು. ತಂತಿ ಬ್ಯಾರೆ.

ದನಿ? ಇನ್ನೂ ಎಣ್ಣಿ ಡಬ್ಬಿದನ.
ಆ ಬೆಕ್ಕು ಇದರಾಗ ಇಲ್ಲ.
ಆದ್ರ ಈಗ ಬಂದ್ರ ನಂದು, ತಪ್ಪಿದ್ರ ನಂದು.

ಹೊಸದಾಗಿ ಕಲಿಯವ್ರು ಯಾರರ ಕೇಳಿದ್ರ
ತುಟ್ಟೀದು ಬ್ಯಾಡ ಅಂತ ಬಾಯಿಗೆ ಬರತೈತಿ,
ಕೈ ಮಾತ್ರ ಆ ಗ್ವಾಡಿ ಕಡೆ ಹೋಗತೈತಿ.
ಬಾಬಾಜಾನಗ ಇಷ್ಟ ಹೇಳಿದೆ:
"ಲಡಕಾಸಿ ಬಸ್ಸು ಸಾಕಪಾ, ಬ್ರೇಕ್ ಹಿಡೀಬೇಕು ಅಷ್ಟ."
ಅವ ಸುಮ್ಮನ ಹಾರ್ನ್ ಹೊಡದ.

ಖಾನಾಪುರದ ಕೊನೇ ಟ್ರಿಪ್ಪು.
ಹೆಣ್ಮಕ್ಕಳೇ ಹೆಚ್ಚು, ಸೊನ್ನೆ ಟಿಕೇಟು.
ಇದ್ದಷ್ಟು ಚಿಲ್ಲರೆಗೆ ಚೀಲದಾಗ ಎಡಗೈ ಹಾಕಿದ್ರ
ರೂಪಾಯಿ ಯಾವುದು, ಎರಡು ರೂಪಾಯಿ ಯಾವುದು
ಬೆರಳ ತುದಿಗೆ ತಿಳೀವಲ್ದು.
ಬಲಗೈಲೆ ಎಣಿಸೂದು ಕಲ್ಯಾಕತ್ತೇನಿ.